ಹೆಡ್‌ಮಾಸ್ಟರ ಬಿನ್ನವತ್ತಳೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಅಜ್ಜಂಪುರದ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದೆ. ಒಂದೆರಡು ಕತೆ ಅಚ್ಚಾಗಿದ್ದ ತಪ್ಪಿಗೆ, ನಿವೃತ್ತರಾಗಲಿದ್ದ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆಯ ಬಿನ್ನವತ್ತಳೆ ಬರೆಯುವ ಘನಕಾರ್ಯ ನನ್ನ ಪಾಲಿಗೆ ಬಂತು. ಆಗ ಕಡೂರಿನಿಂದ ತರೀಕೆರೆಯವರೆಗೆ ಯಾರೇ ನಿವೃತ್ತರಾಗಲಿ, ಒಂದೇ ಬಿನ್ನವತ್ತಳೆ ಹೆಸರು ಬದಲಿಸಿಕೊಂಡು ಓಡಾಡುತ್ತಿತ್ತು: ತಾಳ್ಮೆಯಲ್ಲಿ ಧರ್ಮರಾಯ, ದಾನದಲ್ಲಿ ಕರ್ಣ. ನಾನು ಸಾಹಿತಿಯಲ್ಲವೇ? ಎಂಟು ದಿನ ತಿಣುಕಿದೆ. ಶಿವನಿಯಲ್ಲಿ ರೈಲು ತಪ್ಪಿದರೆ ಅವರು ಹಳಿಗುಂಟ ನಡೆದೇ ಶಾಲೆಗೆ ಬರುತ್ತಿದ್ದುದನ್ನೂ, ಮಕ್ಕಳಿಗೆ ಹೊಡೆದ ದಿನ ತಾವೂ ಊಟದ ಡಬ್ಬಿ ತೆರೆಯದಿದ್ದುದನ್ನೂ ಬರೆದೆ.

ಸಮಾರಂಭದ ಹಿಂದಿನ ದಿನ ಅವರ ಮನೆ ಜಗಲಿಯಲ್ಲಿ ಓದಿ ತೋರಿಸಿದಾಗ ಅವರ ಮುಖ ಸಪ್ಪಗಾಯಿತು.

"ಎಲ್ರಿಗೂ ಧರ್ಮರಾಯ ಅಂದ್ಬಿಟ್ಟು, ನನ್ನ ಸರದಿಗೆ ಡಬ್ಬಿ ಬಂತೇನಪ್ಪಾ? ಮೂವತ್ತು ವರ್ಷ ದುಡ್ದಿದೀನಿ ಕಣಯ್ಯಾ!"

ಸಮಾರಂಭದಲ್ಲಿ ಹಳೆಯದನ್ನೇ ಓದಿದೆ. ಕರ್ಣನ ಹೆಸರು ಬಂದ ಕೂಡಲೇ ಅವರು ಗಳಗಳನೆ ಅತ್ತರು. ನನ್ನದಲ್ಲದ ಮಾತಿಗೆ ಅಷ್ಟು ನಿಜವಾದ ಕಣ್ಣೀರು ಬಂದದ್ದು ಕಂಡು, ಬರೆಯುವುದೆಂದರೇನು ಎಂಬುದೇ ನನಗೆ ತಿಳಿಯದಾಯಿತು.

ಕಾಫಿಯ ಹೊತ್ತಿಗೆ ಅವರ ಹೆಂಡತಿ ಹತ್ತಿರ ಬಂದರು. "ನಿನ್ನೆ ಓದಿದ್ದನ್ನ ಒಳಗಿಂದ ಕೇಳಿಸ್ಕೊಂಡೆ. ಹರ್ದು ಹಾಕಿಲ್ಲ ತಾನೇ? ಅದ್ರಲ್ಲಿರೋರು ನಮ್ಮನೆಯವ್ರು ಕಣಪ್ಪಾ. ಈ ಧರ್ಮರಾಯ ಯಾರೋ ನಂಗೊತ್ತಿಲ್ಲ. ಅವ್ರಿಗೆ ಹೇಳ್ಬೇಡ, ನಂಗೆ ಕೊಟ್ಬಿಡು."

ಕೊಟ್ಟೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಗಾಜು ಹಾಕಿಸಿದ ಬಿನ್ನವತ್ತಳೆಯನ್ನು ಎದೆಗವಚಿಕೊಂಡು ಬಂದರು. "ಚೆನ್ನಾಗಿ ಬರ್ದಿದೀಯ ಕಣಯ್ಯಾ" ಎಂದರು. ಯಾವುದನ್ನು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.