ಎಜಿಲ್ಡಾಳ ಎರಡನೆಯ ಡಿಸ್ಕು

ಕುಡ್ತರಿ ಊರಿನ ಎಜಿಲ್ಡಾ ಕುಲಾಸೊ ಶಾಲೆಯಲ್ಲಿ ಪಿಟೀಲು ಕಲಿಸಿ ನಿವೃತ್ತಳಾದ ಮೇಲೆ ಮುದುಕಿಯರ ಬೆನ್ನುಹತ್ತಿದಳು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹೆಂಗಸರು ಹಾಡುವ ಹಾಡುಗಳನ್ನು ಮನೆಮನೆಗೆ ಹೋಗಿ ರೆಕಾರ್ಡ್ ಮಾಡಿ, ಹಾರ್ಡ್ ಡಿಸ್ಕಿನಲ್ಲಿ ತುಂಬಿಡುತ್ತಿದ್ದಳು. ನಕಲಿಗೆಂದು ಇನ್ನೊಂದು ಡಿಸ್ಕನ್ನೂ ತಂದಿದ್ದಳು. ಹಳೆಯವುಗಳ ನಕಲಾಗಿತ್ತು, ಆದರೆ ಹೊಸದರ ನಕಲು ಮಾತ್ರ ಯಾವಾಗಲೂ ನಾಳೆಗೆ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಗಂಡ ಕಾಯ್ತಾನ್ ಮೀನುಸಾರಿನ ಪಾತ್ರೆ ಇಡಲೆಂದು ಮೇಜಿನ ಮೇಲಿದ್ದ ಡಿಸ್ಕಿನ ವೈರನ್ನು ಎಳೆದ. ಡಿಸ್ಕು ನೆಲಕ್ಕೆ ಬಿದ್ದದ್ದು ಮತ್ತೆ ಉಸಿರೆತ್ತಲಿಲ್ಲ. ನಕಲಾಗದೆ ಉಳಿದಿದ್ದು ರಾಯ್ ಊರಿನ ಕಿತೇರಿಯಾ ಮುದುಕಿಯ ಹಾಡು. ತಿಂಗಳುಗಟ್ಟಲೆ ಗೋಗರೆದು ಹಾಡಿಸಿದ್ದು.

ಕಾಯ್ತಾನ್ ಹಡಗಿನ ಇಂಜಿನ್ ಕೋಣೆಯಲ್ಲಿ ಆಯುಷ್ಯ ಸವೆಸಿದವನು. "ಹಡಗಲ್ಲಿ ಒಂದು ಪಂಪ್ ಕೆಟ್ರೆ ಇನ್ನೊಂದು ತಾನಾಗೇ ಶುರುವಾಗುತ್ತೆ. ನಿನ್ನ ಎರಡನೇ ಪಂಪು ಕಪಾಟಲ್ಲಿ ನಿದ್ದೆ ಹೊಡೀತಿತ್ತು" ಎಂದ.

"ಬೀಳಿಸಿದವನು ನೀನು, ಪಾಠ ನನಗಾ?"

ಆದರೂ ಮಾತು ನಾಟಿತು. ಹೊಸ ಡಿಸ್ಕು ತಂದು, ಕಲಿತು, ಎಡವಿ, ಲ್ಯಾಪ್‌ಟಾಪಿಗೆ ಕೆಲವು ಸಾಲಿನ ಆಜ್ಞೆ ಬರೆದಳು. ಎರಡೂ ಡಿಸ್ಕು ಸಿಕ್ಕಿಸಿದೊಡನೆ ಹೊಸದೆಲ್ಲ ತಾನಾಗಿ ಎರಡನೆಯದಕ್ಕೆ ಹೋಗಬೇಕು. ತನ್ನದೇ ಕೆಮ್ಮನ್ನು ರೆಕಾರ್ಡ್ ಮಾಡಿ ಪರೀಕ್ಷಿಸಿದಳು. ನಕಲಾಯಿತು. ಮೊದಲನೆಯದರಲ್ಲಿ ಅಳಿಸಿ ನೋಡಿದರೆ ಎರಡನೆಯದರಲ್ಲೂ ಮಾಯ. ಮಂಗನಿಗೆ ಕೆಲಸ ಹೇಳಿದ ಹಾಗಾಯಿತಲ್ಲ ಎಂದು ಗೊಣಗುತ್ತಾ, ಅಳಿಸಿದ್ದೆಲ್ಲ ಎರಡನೆಯ ಡಿಸ್ಕಿನ ಬೇರೊಂದು ಫೋಲ್ಡರಿನಲ್ಲಿ ಉಳಿಯುವಂತೆ ತಿದ್ದಿದಳು.

ಆಮೇಲೆ ಅಳುಕುತ್ತಲೇ ಕಿತೇರಿಯಾಳ ಮನೆಗೆ ಹೋದಳು.

"ಹೋಯ್ತಾ? ಒಳ್ಳೇದೇ ಆಯ್ತು ಬಾಯ್" ಎಂದಳು ಮುದುಕಿ. ತನಗಿಂತ ಕಿರಿಯ ಹೆಂಗಸರೆಲ್ಲ ಅವಳಿಗೆ 'ಬಾಯ್', ಅವರಿಗೆಲ್ಲ ಅವಳು 'ತಿಯಾ', ಅಂದರೆ ದೊಡ್ಡಮ್ಮ. "ಅವತ್ತು ನನ್ನ ನಾದಿನಿ ಪಕ್ಕದಲ್ಲೇ ಕೂತಿದ್ಲು. ಒಂದು ಚರಣ ನುಂಗ್ಕೊಂಡಿದ್ದೆ."

ಈ ಸಲ ರೆಕಾರ್ಡರ್ ಮುಂದೆ ಮತ್ತೆ ಹಾಡುವಾಗ ನುಂಗಲಿಲ್ಲ. ಆ ಚರಣದಲ್ಲಿ ಮದುಮಗಳ ನಾದಿನಿ ಸೊರಪೊತೆಲ್ ಪಾತ್ರೆಯಿಂದ ಹಂದಿಮಾಂಸದ ತುಂಡನ್ನೆಲ್ಲ ಆರಿಸಿ ತಿಂದು, ನೆಂಟರಿಗೆ ಬರೀ ಗೊಜ್ಜು ಬಿಟ್ಟಿದ್ದಳು. ನಾದಿನಿಯ ಹೆಸರೂ ಇತ್ತು: ಔರೇಲಿಯಾ.

ಮರುದಿನ ಮುದುಕಿಯ ಫೋನು ಬಂತು. "ಆ ಚರಣ ಅಳಿಸ್ಬಿಡು ಬಾಯ್. ಭಾನುವಾರ ಔರೇಲಿಯಾ ಊಟಕ್ಕೆ ಬರ್ತಾಳೆ. ನೀವೂ ಬನ್ನಿ."

ಎಜಿಲ್ಡಾ ಅಳಿಸಿದಳು. ಕಾಯ್ತಾನ್ ನಕ್ಕ. "ಅಳಿಸಿದ್ದನ್ನ ಕೈಬಿಡಬೇಡ ಅಂತ ಆ ಡಿಸ್ಕಿಗೆ ಹೇಳ್ಕೊಟ್ಟವಳು ನೀನೇ ಅಲ್ವಾ?"

ನಿಜವೇ. ಬೇರೆ ಫೋಲ್ಡರಿನಲ್ಲಿ ಚರಣ ಜೋಪಾನವಾಗಿ ಕೂತಿತ್ತು. ಅಲ್ಲಿಂದಲೂ ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ. ಹೇಳದೆ ಇಟ್ಟುಕೊಳ್ಳಲೂ ಮನಸ್ಸೊಪ್ಪಲಿಲ್ಲ.

ಭಾನುವಾರ ಅಡುಗೆಮನೆಯಲ್ಲಿ ಕಿತೇರಿಯಾಳ ಕಿವಿಯಲ್ಲಿ, "ತಿಯಾ, ಆ ಚರಣ ಪೂರ್ತಿ ಅಳಿಸಿಲ್ಲ. ಇನ್ನೊಂದು ಡಿಸ್ಕಲ್ಲಿ ಉಳ್ಕೊಂಡಿದೆ" ಎಂದಳು.

ಊಟದ ಮೇಜಿನಿಂದ ಔರೇಲಿಯಾಳ ದನಿ ಬಂತು. "ಸೊರಪೊತೆಲ್ ಚರಣ ತಾನೇ? ನನ್ನ ಕಿವಿ ಇನ್ನೂ ಚುರುಕಾಗಿದೆ. ಅದು ನಿನ್ನ ಮದುವೆ ವರ್ಷದಿಂದಲೇ ನನಗೆ ಗೊತ್ತು ಕಣೇ. ನನ್ನ ಹತ್ರಾನೂ ಒಂದಿದೆ."

ಹಾಡಿಯೇಬಿಟ್ಟಳು. ದೋದೊಲ್ ಹಲ್ವಾವನ್ನು ತಳ ಹಿಡಿಸಿ, ಅದರ ಬಣ್ಣವೇ ಹಾಗೆಂದು ಗಂಡನಿಗೆ ತಿನ್ನಿಸಿದ ಮದುಮಗಳ ಕಥೆ.

ಕಿತೇರಿಯಾ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು. "ಬೈಯೋದಾದ್ರೂ ರಾಗ ಹಿಡಿದು ಬೈಯಿ. ಬಾಯ್, ನೀನು ಒಂದನ್ನೂ ಅಳಿಸಬೇಡ. ಇವಳದ್ದನ್ನೂ ನನ್ನದರ ಪಕ್ಕದಲ್ಲೇ ಇಡು" ಎಂದು ತಾನೇ ದನಿಯೆತ್ತಿದಳು. ಔರೇಲಿಯಾ ಜೊತೆಗೂಡಿದಳು. ಎಜಿಲ್ಡಾ ತಟ್ಟೆಗಳ ನಡುವೆ ರೆಕಾರ್ಡರ್ ಇಟ್ಟು ಊಟ ಮರೆತಳು. ಬಡಿಸುವವರಿಲ್ಲದೆ ಕಾಯ್ತಾನ್ ತಾನೇ ಎದ್ದು ಸೊರಪೊತೆಲ್ ಬಡಿಸಿಕೊಂಡ; ತುಂಡುಗಳನ್ನು ಹುಡುಕಿ ಹುಡುಕಿ.