ಹುಳುಮನೆಯಲ್ಲಿ ಹೇಳಿದ ಸಮುದ್ರ

ನಿವೃತ್ತ ಮೇಷ್ಟ್ರುಗಳ ಗುಂಪಿನ ಜೊತೆ ನಾಲ್ಕು ದೇಶ ಸುತ್ತಿಬಂದ ಸಾತನೂರಿನ ಗಂಗಲಕ್ಷ್ಮಮ್ಮ ಟೀಚರಿಗೆ ಹೇಳುವುದಕ್ಕೇನೂ ಕಡಿಮೆಯಿರಲಿಲ್ಲ. ಸಿಂಗಪುರದ ರಸ್ತೆಯಲ್ಲಿ ಕಸ ಹುಡುಕಿ ಸೋತದ್ದು, ಮಲೇಷ್ಯಾದ ಗುಹೆ ದೇವಸ್ಥಾನದ ಮೆಟ್ಟಿಲು ಹತ್ತಿ ಮಂಡಿ ಹಿಡಿದದ್ದು, ಥಾಯ್ಲೆಂಡಿನಲ್ಲಿ ಮೊಸರಿಗಾಗಿ ಹೋಟೆಲಿನವನೊಡನೆ ಕೈಸನ್ನೆಯಲ್ಲೇ ಜಗಳವಾಡಿದ್ದು, ವಿಯೆಟ್ನಾಮಿನ ದೋಣಿಯಲ್ಲಿ ಕೂತು ಸಮುದ್ರದ ನಡುವೆ ನಿಂತ ಗುಡ್ಡಗಳನ್ನು ಕಂಡು ಅತ್ತದ್ದು. ಮೂವತ್ತೈದು ವರ್ಷ ಮಕ್ಕಳಿಗೆ ಭೂಪಟದಲ್ಲಿ ಬೆರಳಿಟ್ಟು ತೋರಿಸಿದವರು, ಅಳು ಬಾರದೆ ಇರುತ್ತದೆಯೇ!

ಆ ಹದಿನೆಂಟು ದಿನ ಇಬ್ಬರ ಕೆಲಸವನ್ನು ಒಬ್ಬಳೇ ಮಾಡಿದವಳು ಹಿರಿಯ ಓರಗಿತ್ತಿ ಚಿಕ್ಕತಾಯಮ್ಮ. ಎರಡು ಮನೆಗೂ ಸೇರಿ ಒಂದೇ ರೇಷ್ಮೆಹುಳುವಿನ ಸಾಕಣೆ. "ಓಗ್ಬಾ ಗಂಗಾ, ನಾನಿಲ್ವಾ?" ಎಂದು ಕಳಿಸಿದವಳೂ ಅವಳೇ. ಹುಳುಮನೆಯ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಅದರ ಘಾಟೇ ಹುಳುವಿಗೆ ವಿಷವೆಂದು, ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡ ಗಂಡನನ್ನೇ ಬಾಗಿಲಲ್ಲಿ ತಡೆಯುವವಳು.

ಟೀಚರು ಊರಿಗೆ ಬಂದ ಸಂಜೆ ಹುಳು ಕೊನೆಯ ಸಲ ಪೊರೆ ಕಳಚಿ ಜ್ವರದಿಂದ ಎದ್ದು ಹೊತ್ತುಹೊತ್ತಿಗೆ ಸೊಪ್ಪು ಬೇಡುತ್ತಿತ್ತು. ಚಿಕ್ಕತಾಯಮ್ಮನಿಗೆ ತಡೆಯಲಾಗಲಿಲ್ಲ. "ನಾ ಆಚಿಗ್ ಬರಂಗಿಲ್ಲ, ನೀನೇ ಒಳೀಕ್ ಬಾ. ಸಮುದ್ರ ಎಂಗೈತೆ, ಯೋಳು," ಎಂದು ಕರೆದಳು. ಅವಳು ಸೊಪ್ಪು ಹಾಕುತ್ತ ಹೋದಳು, ಇವರು ಹುಳುವಿನ ತಟ್ಟೆಗಳ ಮೇಲೆ ಕೈಯಾಡಿಸಿ ಅಲೆ ತೋರಿಸುತ್ತ ಹಿಂದೆ ನಡೆದರು.

ಬೆಳಗ್ಗೆ ನೋಡಿದರೆ ಹುಳುಗಳು ತಲೆಯೆತ್ತಿ ಹೊರಳಾಡುತ್ತ ಹಸಿರು ಕಕ್ಕುತ್ತಿದ್ದವು. ಮಧ್ಯಾಹ್ನಕ್ಕೆ ಅರ್ಧಕ್ಕರ್ಧ ಸತ್ತವು.

"ಈ ದೇವರಾಜ ತೋಟಕ್ಕೆ ಔಸ್ದಿ ಒಡ್ದವ್ನೆ, ನಮ್ ಸೊಪ್ಪಿಗ್ ಬಿದ್ದೈತೆ!" ಎಂದು ಚಿಕ್ಕತಾಯಮ್ಮ ಬೇಲಿಯ ಬಳಿ ನಿಂತು ಪಕ್ಕದ ತೋಟದವನ ವಂಶವನ್ನೆಲ್ಲ ಜಾಲಾಡಿದಳು. ಅವನು ಮಗಳ ಮೇಲೆ ಆಣೆಯಿಟ್ಟರೂ ಬಿಡಲಿಲ್ಲ.

ಗಂಗಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಪ್ರವಾಸದಲ್ಲಿ ಸಂಜೆಯಾದರೆ ಕೈಗೆ ಸೊಳ್ಳೆ ಔಷಧಿ ಸಿಂಪಡಿಸಿಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ನಿನ್ನೆಯೂ ಮೊಣಕೈವರೆಗೆ ಹೊಡೆದುಕೊಂಡು ನೆಟ್ಟಗೆ ಹುಳುಮನೆಗೆ ನುಗ್ಗಿದ್ದರು. ಹುಳುವಿನ ಜೊತೆಗೇ ಹುಟ್ಟಿ ಬೆಳೆದವರು! ಮುಠ್ಠಾಳತನಕ್ಕೂ ಒಂದು ಮಿತಿ ಬೇಡವೇ? ಬಾಯಿ ಬಿಟ್ಟರೆ ಓರಗಿತ್ತಿಯ ಮುಖ ನೋಡುವುದು ಹೇಗೆ? ಬಿಡದಿದ್ದರೆ ಆ ಬಡಪಾಯಿ ದೇವರಾಜನ ಗತಿ? ಎದ್ದು ಬೇಲಿಯ ಬಳಿಗೆ ಹೋದರು.

"ಅಕ್ಕಾ, ಅವನ್ನ ಬುಟ್ಬುಡು. ಕೊಂದಿದ್ದು ನಾನು ಕಣಕ್ಕ," ಎಂದು ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದರು.

ಚಿಕ್ಕತಾಯಮ್ಮ ದೇವರಾಜನಿಗೆ ಕೈಮುಗಿದು ಒಳಗೆ ಹೋಗಿ ಸತ್ತ ಹುಳುಗಳನ್ನು ಬುಟ್ಟಿಗೆ ತುಂಬತೊಡಗಿದಳು. ಇವರು ಬಾಗಿಲಾಚೆಯೇ ನಿಂತರು. ಬೈದಿದ್ದರೂ, ಒಂದೇಟು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದರು. ಬುಟ್ಟಿ ತುಂಬಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಳೀಕ್ ಕರ್ದೋಳು ನಾನೇ ಅಲ್ವಾ ಗಂಗಾ. ಈ ವಯಸ್ನಲ್ಲಿ ನಂಗ್ಯಾಕ್ ಬೇಕಿತ್ತು ಸಮುದ್ರ?"