ಟವೆಲಿನಡಿಯ ರೇಟು

ನಮ್ಮ ಸಂಶೋಧನೆಯ ಹೆಸರು ಹೇಳಿದರೆ ಕೇಳಿದವರು ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಮಾಹಿತಿ ವ್ಯವಸ್ಥೆ, ವ್ಯವಹಾರ ಪ್ರಕ್ರಿಯೆ, ಅವುಗಳ ನಿರ್ವಹಣೆ, ಅದರ ಮೇಲೆ ಗ್ರಾಮೀಣ ಮಾರುಕಟ್ಟೆ ಬೇರೆ. ರಾಯಚೂರಿನ ನಮ್ಮ ಮನೆಯಲ್ಲಿ ಅವ್ವ ಅದನ್ನು ಪೂರ್ತಿ ಕೇಳಿಸಿಕೊಂಡು, "ಅಂದ್ರ ಕಂಪ್ಯೂಟರ್ ರಿಪೇರಿ ಮಾಡೋದೇನು?" ಎಂದಳು. ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊತ್ತು ನನ್ನನ್ನು ಎಂ.ಕಾಂ.ವರೆಗೆ ಓದಿಸಿದ ಅಪ್ಪ ಏನನ್ನೂ ಕೇಳಲಿಲ್ಲ. ಮಗಳು ಏನೋ ದೊಡ್ಡದನ್ನೇ ಮಾಡುತ್ತಿದ್ದಾಳೆ ಎಂದು ನಂಬಿ ಕೂತಿದ್ದ.

ಅವ್ವನಿಗೆ ಅದನ್ನು ಬಿಡಿಸಿ ಹೇಳಿದವಳು ನನ್ನ ಗೆಳತಿ. ಮಾನ್ವಿಯವಳು, ಒಂದೇ ಗೈಡ್ ಸರ್ ಕೆಳಗೆ ನನ್ನ ಜೊತೆಗೇ ಪಿಎಚ್.ಡಿ.ಗೆ ಸೇರಿದವಳು. ಆವತ್ತು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಳು. "ಯವ್ವಾ, ಒಂದು ವ್ಯಾಪಾರದಾಗ ಯಾರು ಯಾವ ಕೆಲಸ ಮಾಡ್ತಾರ, ಯಾವ ಮಾತು ಯಾರಿಗೆ ಮೊದ್ಲು ಗೊತ್ತಾಗ್ತದ, ಅಷ್ಟ ನೋಡೋದು ನಾವು" ಎಂದಳು. "ಅಷ್ಟಕ್ಕ ಇಷ್ಟು ವರ್ಷ ಓದಬೇಕೇನು?" ಎಂದು ಅವ್ವ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ತಾಟು ಖಾಲಿ ಇತ್ತು, ಅದು ಯಾರಿಗೂ ಕಾಣಲಿಲ್ಲ.

ನಮ್ಮ ಕ್ಷೇತ್ರಕಾರ್ಯವೆಲ್ಲ ಕೆಂಪು ಬಸ್ಸಿನಲ್ಲಿ. ಒಂದು ವಾರ ದೇವದುರ್ಗ, ಇನ್ನೊಂದು ವಾರ ಮಾನ್ವಿ. ಕಿಟಕಿ ಸೀಟು ಯಾವಾಗಲೂ ಅವಳಿಗೇ ಬೇಕು. ಕೊಡದಿದ್ದರೆ ಕಲ್ಮಲ ಬರುವ ತನಕ ಮಾತಿಲ್ಲ. ಕಲ್ಮಲದಲ್ಲಿ ಶೇಂಗಾ ಮಾರುವವರು ಬಸ್ಸು ಹತ್ತಿದ ಕೂಡಲೇ ಸಿಟ್ಟು ಮರೆತು ಒಂದು ಪೊಟ್ಟಣ ತೆಗೆದುಕೊಂಡು, ಸಿಪ್ಪೆಯನ್ನೆಲ್ಲ ನನ್ನ ಮಡಿಲಿಗೆ ಹಾಕುತ್ತಿದ್ದಳು. "ನನ್ನ ಮಡಿಲೇನು ಕಸದ ಬುಟ್ಟಿಯೇನ?" ಎಂದರೆ, "ಹೌ, ಬುಟ್ಟಿನೂ ಇಷ್ಟು ವಟವಟ ಅನ್ನಂಗಿಲ್ಲ" ಎನ್ನುವಳು. ಅವಳಷ್ಟು ಸಲೀಸಾಗಿ ನನ್ನನ್ನು ಬೈದವರು ಆಮೇಲೆ ಯಾರೂ ಸಿಗಲಿಲ್ಲ. ಈಗ ಆ ದಾರಿಯಲ್ಲಿ ಕಿಟಕಿ ಸೀಟು ನನಗೇ ಸಿಗುತ್ತದೆ, ಸುಡುಗಾಡು ಸೀಟು.

ಅವಳ ಅಬ್ಬಾ ಮಾನ್ವಿ ಸಂತೆಯಲ್ಲಿ ಕುರಿ ದಲ್ಲಾಳಿ. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹಾಸಿಕೊಂಡು, ಅದರ ಕೆಳಗೆ ಕುರಿ ಮಾರುವವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದ, ಹೇಗೆ ಒತ್ತಿದ ಎನ್ನುವುದೇ ರೇಟು. ಆಮೇಲೆ ಕೊಳ್ಳುವವನ ಕೈ. ಇಬ್ಬರ ನಡುವೆ ಹೀಗೆ ಓಡಾಡಿ ವ್ಯಾಪಾರ ಕುದುರಿಸುತ್ತಾನೆ. ಬಾಯಿಂದ ಒಂದು ಅಂಕಿಯೂ ಹೊರಡುವುದಿಲ್ಲ, ಯಾಕೆಂದರೆ ಒಂದು ಕುರಿಯ ರೇಟು ಸುತ್ತಲಿನವರ ಕಿವಿಗೆ ಬಿದ್ದರೆ ಉಳಿದ ಕುರಿಗಳ ರೇಟೂ ಅಲ್ಲಿಗೇ ನಿಂತುಬಿಡುತ್ತದೆ. ನಮ್ಮ ಗೈಡ್ ಸರ್ ಇದನ್ನು ಕೇಳಿ, ಎಲ್ಲ ರೇಟನ್ನೂ ಒಂದು ಬೋರ್ಡಿನ ಮೇಲೆ ತೋರಿಸುವ ಮಾದರಿ ತಯಾರಿಸಿ ಎಂದರು. ಹೊರಗೆ ಬಂದ ಮೇಲೆ ಅವಳು, "ಸರ್‌ನ ಒಮ್ಮೆ ಸಂತಿಗೆ ಕರಕೊಂಡು ಹೋಗೋಣು. ಹೊಡಸಿಕೊಂಡು ಬರ್ತಾರ" ಎಂದಳು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅಬ್ಬಾಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನಕ್ಕೆ ಬಂತು, ಬಲಗೈ ಮಾತ್ರ ಬರಲಿಲ್ಲ. ಬೆರಳು ಹಿಡಿದರೆ ಒತ್ತಡವೇ ತಿಳಿಯುತ್ತಿರಲಿಲ್ಲ. ಎಡಗೈಯಿಂದ ಸಂತೆ ನಡೆಯುವುದಿಲ್ಲ, ಯಾರೂ ಒಪ್ಪುವುದಿಲ್ಲ. ಬೇವಿನ ಗಿಡದ ಕೆಳಗೆ ಅವರು ನಿಲ್ಲುತ್ತಿದ್ದ ಜಾಗ ಯಾರ ಹೆಸರಿನಲ್ಲೂ ಇಲ್ಲ. ನಾಲ್ಕಾರು ಸಂತೆ ತಪ್ಪಿದರೆ ಇನ್ನೊಬ್ಬ ದಲ್ಲಾಳಿ ಬಂದು ಟವೆಲು ಹಾಸುತ್ತಾನೆ, ಆಮೇಲೆ ಅದು ಅವನದೇ. ಗಂಡುಮಕ್ಕಳಿಲ್ಲದ ಮನೆ. ಒಬ್ಬಳೇ ಮಗಳು.

"ನಾ ನಿಲ್ತೀನಿ" ಎಂದಳು ಅವಳು. ನಾನು ಅವರ ಮನೆಯಲ್ಲೇ ಇದ್ದೆ. ಅವಳ ಚಿಕ್ಕಪ್ಪ ದಖನಿ ಉರ್ದುವಿನಲ್ಲಿ ಏನೋ ಕೂಗಾಡಿ, ನನಗೂ ತಿಳಿಯಲಿ ಎಂದು ಕನ್ನಡಕ್ಕೆ ಬಂದರು: "ಟವೆಲ್ ಕೆಳಗ ಪರಗಂಡಸರ ಕೈ ಹಿಡಕೊಂಡು ನಿಲ್ತಿಯೇನು? ನಕ್ಕೋ, ಬ್ಯಾಡ. ಮಂದಿ ಉಗಳ್ತಾರ." ನಿಜ ಹೇಳಬೇಕೆಂದರೆ ನಮ್ಮ ಸಂತೆಗಳಲ್ಲಿ ಹೆಂಗಸು ದಲ್ಲಾಳಿ ಆಗಿದ್ದನ್ನು ನಾನಂತೂ ಕಂಡಿರಲಿಲ್ಲ.

ಅಂದು ರಾಯಚೂರಿಗೆ ಬರುವ ಬಸ್ಸಿನಲ್ಲಿ ಅವಳು ಶೇಂಗಾ ತೆಗೆದುಕೊಳ್ಳಲಿಲ್ಲ. ನಡುದಾರಿಯಲ್ಲಿ ಥಟ್ಟನೆ ಕೇಳಿದಳು: "ಕೈ ಹಿಡಿಯೋದು ಯಾಕ ಬೇಕು ಹೇಳು? ರೇಟು ದಾಟಿಸಾಕ. ಅದನ್ನ ಬ್ಯಾರೆ ದಾರಿಯಿಂದ ದಾಟಿಸಿದ್ರ?" ಯಾವ ಮಾತು ಯಾರಿಂದ ಯಾರಿಗೆ ಹೋಗುತ್ತದೆಂದು ಕಾಗದದ ಮೇಲೆ ಎಷ್ಟು ದಿನ ಡಬ್ಬಿ, ಬಾಣ ಬರೆದು ಬರೆದು ಬೆರಳು ಸವೆಸಿದ್ದೆವು, ಅದೆಲ್ಲ ಒಂದೇ ಸಲ ಕೆಲಸಕ್ಕೆ ಬಂತು. ರೇಟನ್ನು ಮೊಬೈಲಿನಲ್ಲಿ ಒತ್ತಿ, ದುಪಟ್ಟಾ ಮರೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ತೋರಿಸುವುದು. ಮೈ ಮುಟ್ಟುವ ಮಾತೇ ಇಲ್ಲ. ನಾವಿಬ್ಬರೂ ಬಸ್ಸಿನಲ್ಲೇ ಕಿರುಚಿದ್ದಕ್ಕೆ ಕಂಡಕ್ಟರ್ ತಿರುಗಿ ನೋಡಿದ.

ಮೊದಲ ಪರೀಕ್ಷೆ ದೇವದುರ್ಗದಲ್ಲಿ, ಅವಳನ್ನು ಯಾರೂ ಗುರುತಿಸದ ಊರಿನಲ್ಲಿ. ಮೊಬೈಲ್ ನನ್ನದು. ಓದು ಬಾರದ ಅವ್ವನಿಗೆ ಅನುಕೂಲವಾಗಲೆಂದು, ಅಂಕಿ ಒತ್ತಿದರೆ ಗಟ್ಟಿಯಾಗಿ ಹೇಳುವಂತೆ ಅದರಲ್ಲಿ ಮಾಡಿಟ್ಟಿದ್ದೆ. ಅದು ನೆನಪೇ ಇರಲಿಲ್ಲ ನೋಡಿ. ಅವಳು ದುಪಟ್ಟಾ ಹಿಡಿದು, ಗಂಭೀರವಾಗಿ ರೇಟು ಒತ್ತಿದ್ದೇ ತಡ, ಮೊಬೈಲಿನೊಳಗಿನ ಹೆಂಗಸು ಒಂದೊಂದೇ ಅಂಕಿಯನ್ನು ಇಡೀ ಸಂತೆಗೆ ಸಾರಿಬಿಟ್ಟಳು. ಕುರಿ ಮಾರಲು ಬಂದವನು ಎದ್ದು ನಿಂತು, "ಏನವ್ವಾ, ಡಂಗುರ ಹೊಡಸಾಕ ಬಂದೀಯೇನು?" ಎಂದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಸ್ಸು ಹತ್ತಿದ ಮೇಲೂ ನೀರು ನಿಲ್ಲಲಿಲ್ಲ. ಆಗ ನನಗೆ ತಿಳಿಯಿತು, ನಗುವುದು ಯಾವಾಗಲೋ ಮುಗಿದಿತ್ತು.

ಮರುದಿನ ರಾಯಚೂರಿನಲ್ಲಿ ಬಾಯಿಲ್ಲದ ಒಂದು ಕ್ಯಾಲ್ಕುಲೇಟರ್ ಕೊಂಡೆವು. ಈ ಸಲ ಮಾನ್ವಿ ಸಂತೆ, ಅದೇ ಬೇವಿನ ಗಿಡ. ಅಬ್ಬಾ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಚಿಕ್ಕಪ್ಪ ಸ್ವಲ್ಪ ದೂರದಲ್ಲಿ, ಯಾವಾಗ ಇದು ಕೆಡುತ್ತದೋ ಎಂದು ಕಾಯುತ್ತಿದ್ದರು. ಹಿರೇಕೊಟ್ನೆಕಲ್ಲಿನ ಮುದುಕರೊಬ್ಬರು, ಅಬ್ಬಾನ ಹಳೆಯ ಗಿರಾಕಿ, ಎರಡು ಟಗರು ತಂದಿದ್ದರು. ಕ್ಯಾಲ್ಕುಲೇಟರ್ ಅತ್ತಿಂದಿತ್ತ ಓಡಾಡಿತು. ಮುದುಕರಿಗೂ ಕೊಳ್ಳುವವನಿಗೂ ರೇಟು ಒಪ್ಪಿಗೆಯಾಯಿತು. ಆದರೂ ಮುದುಕರು ಟಗರುಗಳ ಹಗ್ಗ ಬಿಡಲಿಲ್ಲ.

"ರೇಟೇನೋ ಸರಿ ಅದ ಬೇ. ಆದ್ರ ಕೈ ಹಿಡೀಲಿಲ್ಲಂದ್ರ ಮಾತು ಗಟ್ಟಿ ಹೆಂಗಾಗ್ತದ?"

ಇದನ್ನು ನಾವು ನಮ್ಮ ಯಾವ ಡಬ್ಬಿಯಲ್ಲೂ ಬರೆದಿರಲಿಲ್ಲ. ಕೈ ರೇಟನ್ನಷ್ಟೇ ದಾಟಿಸುತ್ತಿರಲಿಲ್ಲ, ಮಾತನ್ನೂ ಕಟ್ಟಿಹಾಕುತ್ತಿತ್ತು. ಅವಳು ಅಬ್ಬಾನ ಮುಖ ನೋಡಿದಳು, ಆಮೇಲೆ ಮುದುಕರತ್ತ ತಿರುಗಿ, "ನನ್ನ ಕೈ ಯಾಕ ಬೇಕ್ರೀ ಕಾಕಾ? ಟಗರು ನಿಮ್ದು, ತೊಗೊಳ್ಳೋರು ಇವ್ರು. ನೀವಿಬ್ರೂ ಕೈ ಹಿಡೀರಿ, ನಾ ನಡುವ ಸಾಕ್ಷಿ ಇರ್ತೀನಿ" ಎಂದಳು.

ಮುದುಕರು ಬಾಯಲ್ಲಿನ ಎಲೆ ಅಡಿಕೆ ಆಚೆ ಈಚೆ ಮಾಡಿದರು. ಯಪ್ಪಾ, ಹೂಂ ಅನ್ನು, ಹೂಂ ಅನ್ನು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಕೊನೆಗೆ ಅವರು ಕೈ ಚಾಚಿದರು. ಕೊಳ್ಳುವವನು ಹಿಡಿದ. ಅಬ್ಬಾ ಎಡಗೈಯಿಂದ ಗಡ್ಡ ಸವರಿಕೊಂಡು, "ಬಸ್ ಬೇಟಿ, ಹೋ ಗಯಾ, ಆಗಿಹೋತು" ಎಂದರು. ಚಿಕ್ಕಪ್ಪ ಚಹಾ ತರಲು ಹೋದರು.

ಆಮೇಲೆ ಅವಳ ಕೆಲಸ ನಡೆದುಹೋಯಿತು. ಮೊದಮೊದಲು ಸಂತೆಯ ದಿನ ಮಾತ್ರ ಡಿಪಾರ್ಟ್‌ಮೆಂಟಿಗೆ ಬರುತ್ತಿರಲಿಲ್ಲ. ಆಮೇಲೆ ಸಂತೆಯ ಹಿಂದಿನ ದಿನವೂ ಕುರಿ ನೋಡಲು ಹಳ್ಳಿಗಳಿಗೆ ಹೋಗಬೇಕು ಎಂದಳು. ಫೋನು ಮಾಡಿದರೆ ಕುರಿಗಳ ಸದ್ದೇ ಹೆಚ್ಚು, ಅವಳ ಮಾತು ಕಡಿಮೆ. ಗೈಡ್ ಸರ್ ನನ್ನನ್ನು ಕೇಳುವುದು, ನಾನು ಸುಳ್ಳು ಸಬೂಬು ಹೇಳುವುದು. ಡಿಪಾರ್ಟ್‌ಮೆಂಟಿನಲ್ಲಿ ಅವಳ ಕುರ್ಚಿಯ ಮೇಲೆ ಯಾರಾದರೂ ಕೂತರೆ ಎಬ್ಬಿಸುತ್ತಿದ್ದೆ. ಎಬ್ಬಿಸಿ, ಅದರ ಮೇಲೆ ನನ್ನ ಚೀಲ ಇಡುತ್ತಿದ್ದೆ. ಮಾತಾಡಲು ಬಾಯಿ ತೆರೆದು ಆ ಕಡೆ ತಿರುಗಿದರೆ ಚೀಲ ಕೂತಿರುತ್ತಿತ್ತು. ನನಗೆ ಎಷ್ಟು ಸಂಕಟವಾಗುತ್ತಿತ್ತೆಂದರೆ, ಎಷ್ಟೋ ದಿನ ಬುತ್ತಿ ಬಿಚ್ಚದೆ ಮನೆಗೆ ಒಯ್ದು ಅವ್ವನಿಂದ ಬೈಸಿಕೊಂಡಿದ್ದೇನೆ.

ಕೊನೆಗೆ ಅವಳ ನೋಂದಣಿ ರದ್ದಾಗುವ ಹಂತಕ್ಕೆ ಬಂತು. ಬರುತ್ತೇನೆ ಎಂದು ಅವಳು ಒಂದು ಮಾತು ಹೇಳಿದರೆ ಇನ್ನಷ್ಟು ಸಮಯ ಕೊಡಿಸುವುದಾಗಿ ಗೈಡ್ ಸರ್ ಹೇಳಿದರು. ಸಂತೆಯ ದಿನವೇ ನಾನು ಮಾನ್ವಿಗೆ ಹೋದೆ. ಬೇವಿನ ಗಿಡದ ಕೆಳಗೆ ಅವಳು ದುಪಟ್ಟಾ ಹಿಡಿದು ನಿಂತಿದ್ದಳು. ಒಬ್ಬನನ್ನು ಗದರಿಸಿದಳು, ಇನ್ನೊಬ್ಬನನ್ನು ನಗಿಸಿದಳು, ಇಬ್ಬರ ಕೈಯನ್ನೂ ಕೂಡಿಸಿದಳು. ಅಷ್ಟು ಚೆಂದ ಅವಳು ಎಂದೂ ಕಂಡಿರಲಿಲ್ಲ.

ನನ್ನನ್ನು ಕಂಡವಳೇ ಓಡಿ ಬಂದಳು. "ಉಂಡಿ ಇಲ್ಲೋ? ಎಷ್ಟು ಸೊರಗೀದಿ ಲೇ!" ನಾನು ಬಂದ ಕೆಲಸ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಆಗಂಗಿಲ್ಲ ಬೇ. ಈಗ ಬಿಟ್ರ ಈ ಜಾಗಾ ಹೋಗ್ತದ. ನೀ ಬರಿ. ಮುದುಕನ ಕಥಿನೂ ಬರಿ, ಮೊಬೈಲ್ ಕಥಿನೂ ಬರಿ."

ಸಂತೋಷ ಪಡಬೇಕಿತ್ತು. ಪಟ್ಟೆ ಕೂಡ. ಆದರೂ ಬಾಯಿ ನನ್ನ ಮಾತು ಕೇಳಲಿಲ್ಲ. "ಆ ಮುದುಕ ಅವತ್ತು ಒಲ್ಲೆ ಅಂದಿದ್ರ ಚೊಲೋ ಇತ್ತು" ಎಂದುಬಿಟ್ಟೆ.

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

"ಸಂತಿ ಮುಗಿದ ಮ್ಯಾಲ ನನಗೂ ಹಂಗ ಅನಸ್ತದ" ಎಂದಳು.

ಅಷ್ಟರಲ್ಲಿ ಯಾರೋ ಕುರಿ ಹಿಡಿದುಕೊಂಡು ಬಂದು ಅವಳನ್ನು ಕೂಗಿದರು. ಅವಳು ಕಣ್ಣೊರೆಸಿಕೊಂಡು, "ಬಂದೆ ತಡೀರಿ" ಎಂದು ಹೋದಳು.